ಹಾಪ್ಕಿನ್ಸನ್ ಬಾರ್ ಸಿಗ್ನಲ್ ಕೆಟ್ಟಾಗ: ಮೊದಲು ಏನು ನೋಡಬೇಕು, ಆಮೇಲೆ ಏನು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ವೇಗದ ಪೆಟ್ಟಿನ ಪರೀಕ್ಷೆಗೆ ಕಾರಣಗಳು ಜಾಸ್ತಿ ಇವೆ. ತೋರಣಗಲ್ಲಿನಲ್ಲಿ ತಯಾರಾಗುವ ಉಕ್ಕಿನ ಹಾಳೆ ಮುಂದೆ ಕಾರಿನ ಮೈಯಾಗುತ್ತದೆ. ಕಾರು ಗುದ್ದಿಕೊಂಡಾಗ ಆ ಹಾಳೆ ನಿಧಾನವಾಗಿ ಬಾಗುವುದಿಲ್ಲ. ಸಂಡೂರಿನ ಅದಿರಿನ ಬೆಟ್ಟದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಬಂಡೆಗೆ ಬೀಳುವ ಪೆಟ್ಟೂ ನಿಧಾನದ್ದಲ್ಲ. ಇಂಥ ಪೆಟ್ಟಿಗೆ ವಸ್ತು ಹೇಗೆ ನಿಲ್ಲುತ್ತದೆ ಎಂದು ತಿಳಿಯಲು ಹಾಪ್ಕಿನ್ಸನ್ ಬಾರ್ ಬೇಕು. 1914ರಲ್ಲಿ ಬರ್ಟ್ರಮ್ ಹಾಪ್ಕಿನ್ಸನ್ ಉದ್ದನೆಯ ಸರಳಿನಲ್ಲಿ ಒತ್ತಡದ ಅಲೆ ಅಳೆದರು. 1949ರಲ್ಲಿ ಹರ್ಬರ್ಟ್ ಕೋಲ್ಸ್ಕಿ ಎರಡು ಸರಳುಗಳ ನಡುವೆ ತೆಳ್ಳಗಿನ ತುಣುಕು ಇಟ್ಟು ಪರೀಕ್ಷಿಸುವ ದಾರಿ ತೋರಿಸಿದರು. ನಾವು ಇವತ್ತು ಮಾಡುವುದೂ ಅದನ್ನೇ. ಗ್ಯಾಸ್ ಗನ್ ಸ್ಟ್ರೈಕರ್ ಎಂಬ ಗಿಡ್ಡ ಸರಳನ್ನು ಹಾರಿಸುತ್ತದೆ, ಅದು ಮೊದಲ ಸರಳಿಗೆ, ಅಂದರೆ ಮೊದಲ ಬಾರ್‌ಗೆ, ಬಡಿದು ಅಲೆ ಹುಟ್ಟಿಸುತ್ತದೆ. ಅಲೆಯ ಒಂದು ಭಾಗ ತುಣುಕಿನಿಂದ ಹಿಂತಿರುಗುತ್ತದೆ, ಒಂದು ಭಾಗ ಎರಡನೇ ಬಾರ್‌ಗೆ ದಾಟುತ್ತದೆ. ಬಾರ್‌ಗೆ ಅಂಟಿಸಿದ ಸ್ಟ್ರೇನ್ ಗೇಜ್‌ನಿಂದ ಬರುವ ಸಿಗ್ನಲ್ ಸ್ಕೋಪ್‌ನ (ಆಸಿಲೋಸ್ಕೋಪ್‌ನ) ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ.

ಕಷ್ಟ ಇರುವುದು ಅಳತೆಯಲ್ಲಿ. ಇಡೀ ಪರೀಕ್ಷೆ ನೂರಿನ್ನೂರು ಮೈಕ್ರೋಸೆಕೆಂಡ್‌ನಲ್ಲಿ ಮುಗಿಯುತ್ತದೆ. ತುಣುಕು ಒಡೆದು ಹೋಗಿರುತ್ತದೆ, ಅದೇ ತುಣುಕಿಗೆ ಇನ್ನೊಮ್ಮೆ ಹೊಡೆಯಲು ಆಗುವುದಿಲ್ಲ. ಗೆರೆ ಕೆಟ್ಟು ಬಂದರೆ ಬಹಳ ಜನ ಸಾಫ್ಟ್‌ವೇರ್‌ನಲ್ಲಿ ಫಿಲ್ಟರ್ ಹಾಕಿ ನುಣುಪು ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೆರೆಯ ಪ್ರತಿ ಕುಣಿತಕ್ಕೂ ಒಂದು ಹುಟ್ಟುವ ಜಾಗ ಇದೆ. ಕೆಲವು ವೈರಿಂಗ್‌ನಲ್ಲಿ ಹುಟ್ಟುತ್ತವೆ, ಕೆಲವು ಗೋಡೆಯ ಪ್ಲಗ್‌ನಲ್ಲಿ, ಇನ್ನು ಕೆಲವು ನಿಜವಾಗಿಯೂ ಬಾರ್‌ನ ಒಳಗೇ. ಎಲ್ಲಿ ಹುಟ್ಟಿತು ಎಂದು ಗೊತ್ತಾಗುವವರೆಗೆ ಫಿಲ್ಟರ್ ಮುಟ್ಟಬಾರದು.

ಮುಟ್ಟುವ ಮುಂಚೆ

ಗ್ಯಾಸ್ ಗನ್‌ನಲ್ಲಿ ಒತ್ತಡ ಇರುವಾಗ ಬಾರ್, ಗೇಜ್, ತುಣುಕು ಯಾವುದಕ್ಕೂ ಕೈ ಹಾಕಬೇಡಿ. "ಒಂದೇ ಒಂದು ವೈರ್ ಸರಿ ಮಾಡಿ ಬರ್ತೀನಿ ಸರ್" ಎನ್ನುವವರನ್ನು ನಿಲ್ಲಿಸಿ. ಮೊದಲು ಒತ್ತಡ ಪೂರ್ತಿ ಬಿಡಿ, ಪ್ರೆಶರ್ ಗೇಜ್ ಸೊನ್ನೆ ತೋರಿಸಲಿ, ವಾಲ್ವ್ ಕರೆಂಟ್ ತೆಗೆಯಿರಿ, ಆಮೇಲೆ ಹತ್ತಿರ ಹೋಗಿ. ಗ್ರಾನೈಟ್, ಸೆರಾಮಿಕ್ ಥರದ ಪೆಡಸು ತುಣುಕು ಚೂರಾಗಿ ಎಲ್ಲ ಕಡೆ ಹಾರುತ್ತದೆ. ಸುತ್ತ ಪಾಲಿಕಾರ್ಬೊನೇಟ್ ಮರೆ ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಬಾರ್‌ಗಳ ನೇರಕ್ಕೆ, ಕೊನೆಯ ತಡೆಯ ಹಿಂದೆ, ಯಾರೂ ನಿಲ್ಲಬಾರದು.

ಇನ್ನೊಂದು ಮಾತು. ನಾಯ್ಸ್ ಹೋಗುತ್ತದೆ ಎಂದು ಸ್ಕೋಪ್‌ನ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತು ಹಾಕುವ ಚಾಳಿ ಕೆಲವು ಕಡೆ ಇದೆ. ಗೆರೆ ನಿಜಕ್ಕೂ ಸ್ವಲ್ಪ ಶುದ್ಧವಾಗಬಹುದು. ಆದರೆ ಒಳಗೆ ಇನ್ಸುಲೇಶನ್ ಹೋದ ದಿನ ಸ್ಕೋಪ್‌ನ ಮೈ ಮತ್ತು ಅದಕ್ಕೆ ಸೇರಿದ ಬಾರ್ ಎರಡಕ್ಕೂ ಕರೆಂಟ್ ಬರುತ್ತದೆ. ಯಾವ ಡೇಟಾಕ್ಕೂ ಅಷ್ಟು ಬೆಲೆ ಇಲ್ಲ.

ಎದುರಿಗೆ ಇಟ್ಟುಕೊಳ್ಳಬೇಕಾದ ಲೆಕ್ಕ

ಸರಿಯಾದ ಅಲೆ ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ ಬರಬೇಕು ಎಂದು ಗೊತ್ತಿಲ್ಲದೆ ತಪ್ಪು ಹುಡುಕಲು ಆಗುವುದಿಲ್ಲ, ಅಲ್ವಾ? ಒಂದು ಮಾದರಿ ಲೆಕ್ಕ ಕೊಡುತ್ತೇನೆ. ನಿಮ್ಮ ಅಳತೆ ಹಾಕಿ ಮತ್ತೆ ಮಾಡಿಕೊಳ್ಳಿ.

ಉಕ್ಕಿನ ಬಾರ್‌ನಲ್ಲಿ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. ಸ್ಟ್ರೈಕರ್ ಅದೇ ಉಕ್ಕಿನದು, ಅದೇ ದಪ್ಪದ್ದು, 300 ಮಿ.ಮೀ. ಉದ್ದ. ಅಲೆಯ ಅವಧಿ ಎಂದರೆ ಸ್ಟ್ರೈಕರ್ ಉದ್ದದ ಎರಡರಷ್ಟನ್ನು ಅಲೆಯ ವೇಗದಿಂದ ಭಾಗಿಸಿದ್ದು: 120 ಮೈಕ್ರೋಸೆಕೆಂಡ್. ಸ್ಟ್ರೈಕರ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದರೆ ಬಾರ್‌ನ ಸ್ಟ್ರೇನ್ (ಉದ್ದ ಎಷ್ಟು ಪಾಲು ಬದಲಾಯಿತು ಎಂಬುದು) ಎಂದರೆ ಆ ವೇಗವನ್ನು ಅಲೆಯ ವೇಗದ ಎರಡರಷ್ಟರಿಂದ ಭಾಗಿಸಿದ್ದು: 1,000 ಮೈಕ್ರೋಸ್ಟ್ರೇನ್, ಅಂದರೆ ಹತ್ತು ಲಕ್ಷಕ್ಕೆ ಸಾವಿರ ಪಾಲು. ಒತ್ತಡ (ಸ್ಟ್ರೆಸ್) ಸುಮಾರು 200 ಮೆಗಾಪ್ಯಾಸ್ಕಲ್.

ಬಾರ್‌ನ ಎದುರುಬದುರು ಎರಡು ಗೇಜ್ ಅಂಟಿಸಿ, ಬ್ರಿಡ್ಜ್‌ನ (ನಾಲ್ಕು ರೆಸಿಸ್ಟರ್ ತೋಳುಗಳ ಸರ್ಕ್ಯೂಟ್) ಎದುರುಬದುರು ತೋಳುಗಳಲ್ಲಿ ಹಾಕಿದ್ದೀರಿ ಎಂದುಕೊಳ್ಳಿ. ಗೇಜ್ ಫ್ಯಾಕ್ಟರ್ (ಸ್ಟ್ರೇನ್‌ನ ಎಷ್ಟು ಪಟ್ಟು ಗೇಜ್‌ನ ರೆಸಿಸ್ಟೆನ್ಸ್ ಬದಲಾಗುತ್ತದೆ ಎಂಬ ಸಂಖ್ಯೆ) 2.1, ಬ್ರಿಡ್ಜ್‌ಗೆ 5 ವೋಲ್ಟ್. ಆಗ ಬರುವುದು ಬರೀ 5.25 ಮಿಲಿವೋಲ್ಟ್. ನೂರು ಪಟ್ಟು ಹಿಗ್ಗಿಸಿದರೂ ಅರ್ಧ ವೋಲ್ಟ್ ಅಷ್ಟೆ. ಇಷ್ಟು ಸಣ್ಣ ಸಿಗ್ನಲ್ ಆಗಿರುವುದರಿಂದಲೇ ಪಕ್ಕದ ಮೋಟಾರೂ ಒದ್ದೆ ಟರ್ಮಿನಲ್ಲೂ ಇದನ್ನು ಕೆಡಿಸುತ್ತವೆ.

ಸಮಯದ ಲೆಕ್ಕ ಹೀಗೆ. ಬಾರ್ 1.5 ಮೀಟರ್, ಗೇಜ್ ನಟ್ಟ ನಡುವೆ ಇದ್ದರೆ ಹೋದ ಅಲೆ ತುಣುಕಿಗೆ ಬಡಿದು ಹಿಂತಿರುಗಿ ಗೇಜ್‌ಗೆ ಬರಲು 300 ಮೈಕ್ರೋಸೆಕೆಂಡ್ ಬೇಕು. ಎರಡನೇ ಬಾರ್‌ನ ಗೇಜ್ ಕೂಡ ತುಣುಕಿನಿಂದ ಅಷ್ಟೇ ದೂರದಲ್ಲಿದ್ದರೆ ದಾಟಿ ಹೋದ ಅಲೆ ಅಲ್ಲಿಗೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ.

ಅರ್ಧ ದಿನ ಉಳಿಸುವ ಎರಡು ಹೊಡೆತ

ಯಾವ ತೊಂದರೆ ಇದ್ದರೂ ಮೊದಲು ತುಣುಕಿಲ್ಲದೆ ಹೊಡೆಯಿರಿ. ಖರ್ಚಿಲ್ಲ, ತುಣುಕು ಹಾಳಾಗುವ ಭಯ ಇಲ್ಲ. ವೇಗ ಕಮ್ಮಿ ಇರಲಿ, ಸೆಕೆಂಡಿಗೆ 5 ಮೀಟರ್ ಸಾಕು.

ಒಂದನೆಯದು, ಎರಡೂ ಬಾರ್‌ಗಳ ತುದಿಗಳನ್ನು ಒತ್ತಿ ಸೇರಿಸಿ ಹೊಡೆಯುವುದು. ಮೊದಲ ಬಾರ್‌ನಲ್ಲಿ ಹೋದ ಅಲೆಯೂ ಎರಡನೇ ಬಾರ್‌ಗೆ ದಾಟಿದ ಅಲೆಯೂ ಒಂದೇ ಎತ್ತರ ಇರಬೇಕು. ಹಿಂತಿರುಗಿದ ಅಲೆ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದಿರಬೇಕು. ಅದು ದೊಡ್ಡದಿದ್ದರೆ ತುದಿಗಳು ಚೌಕ ಇಲ್ಲ, ಅಥವಾ ಬಾರ್‌ಗಳು ಒಂದೇ ನೇರಕ್ಕಿಲ್ಲ.

ಎರಡನೆಯದು, ಮೊದಲ ಬಾರ್ ಒಂದನ್ನೇ ಬಿಟ್ಟು ಅದರ ತುದಿ ಖಾಲಿ ಇಟ್ಟು ಹೊಡೆಯುವುದು. ಬಾರ್ ಮುಂದೆ ಜಾರುತ್ತದೆ, ತಡೆ ಇಟ್ಟಿರಿ. ಒತ್ತಿ ಹೋದ ಅಲೆ ಎಳೆಯುವ ಅಲೆಯಾಗಿ ತಿರುಗಿ, ಅಷ್ಟೇ ಎತ್ತರದಲ್ಲಿ, ಉಲ್ಟಾ ಗುರುತಿನಲ್ಲಿ ಬರಬೇಕು. ಎರಡರ ನಡುವಿನ ಸಮಯದಿಂದ ನಿಮ್ಮ ಬಾರ್‌ನ ನಿಜವಾದ ಅಲೆ ವೇಗವೂ ಸಿಗುತ್ತದೆ. ಪುಸ್ತಕದ ಸಂಖ್ಯೆ ಬಿಟ್ಟು ಇದನ್ನೇ ಬಳಸಿ.

ಇವೆರಡೂ ಚೆನ್ನಾಗಿ ಬಂದರೆ ನಿಮ್ಮ ಅಳತೆಯ ಸರಪಳಿ ಸರಿ ಇದೆ, ತೊಂದರೆ ತುಣುಕಿನ ಕಡೆ ಇದೆ ಎಂದರ್ಥ. ನೇರ ಕೊನೆಯ ಎರಡು ಲಕ್ಷಣಗಳಿಗೆ ಹೋಗಿ.

ಲಕ್ಷಣ: ಹೊಡೆತ ಬಿತ್ತು, ಸ್ಕ್ರೀನ್ ಮಾತ್ರ ಖಾಲಿ

"ಸರ್, ಸ್ಕೋಪ್‌ನಾಗ ಏನೂ ಬಂದಿಲ್ರಿ" ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ. ಸ್ಕೋಪ್ ಟ್ರಿಗರ್ ಆಗಲೇ ಇಲ್ಲವೋ, ಅಂದರೆ ದಾಖಲಿಸಲು ಶುರುವೇ ಮಾಡಲಿಲ್ಲವೋ, ಆಗಿ ಖಾಲಿ ಗೆರೆ ಬಂತೋ?

ಆಗಲೇ ಇಲ್ಲ ಎಂದರೆ ಟ್ರಿಗರ್ ಮಟ್ಟ ಜಾಸ್ತಿ ಇದೆ, ಅಥವಾ ಏರುವ ಅಂಚು, ಇಳಿಯುವ ಅಂಚು ಉಲ್ಟಾ ಇದೆ. ಒತ್ತುವ ಅಲೆ ಬಹಳಷ್ಟು ವೈರಿಂಗ್‌ನಲ್ಲಿ ಕೆಳಮುಖವಾಗಿ ಬರುತ್ತದೆ. ಸ್ಕೋಪ್ ಮೇಲ್ಮುಖದ ಅಂಚಿಗೆ ಕಾಯುತ್ತಿದ್ದರೆ ಅದು ಹಿಂತಿರುಗಿದ ಅಲೆಗೆ ಮಾತ್ರ ಎಚ್ಚರಾಗುತ್ತದೆ. ಬರಬೇಕಾದ ಎತ್ತರದ ಹತ್ತರಿಂದ ಇಪ್ಪತ್ತು ಶೇಕಡಾಕ್ಕೆ ಮಟ್ಟ ಇಡಿ. ಟ್ರಿಗರ್‌ಗೆ ಮುಂಚಿನ 100 ಮೈಕ್ರೋಸೆಕೆಂಡ್ ಕೂಡ ದಾಖಲಾಗುವಂತೆ ಮಾಡಿ. ಬೇಸ್‌ಲೈನ್, ಅಂದರೆ ಅಲೆ ಬರುವ ಮುಂಚಿನ ಸೊನ್ನೆ ಗೆರೆ, ಸಿಗುವುದು ಅಲ್ಲೇ.

ಟ್ರಿಗರ್ ಆಗಿ ಖಾಲಿ ಗೆರೆ ಬಂದಿದ್ದರೆ, ಎಡತುದಿಯಲ್ಲಿ ಚೂಪಾದ ಒಂದು ಮುಳ್ಳು ಇದೆಯೇ ನೋಡಿ. ಇದ್ದರೆ ಗನ್‌ನ ಸೊಲೆನಾಯ್ಡ್ ವಾಲ್ವ್ ಮೇಲೆ ಅನುಮಾನ. ವಾಲ್ವ್ ಸುರುಳಿಗೆ ಕರೆಂಟ್ ಹೋದಾಗ, ನಿಂತಾಗ ಏಳುವ ಮಿಡಿತ ಗೇಜ್ ವೈರ್‌ಗೆ ಹಾರುತ್ತದೆ. ಸ್ಟ್ರೈಕರ್ ಇನ್ನೂ ನಳಿಗೆಯಲ್ಲೇ ಇರುತ್ತದೆ. ಒಂದು ಮೀಟರ್ ನಳಿಗೆಯಲ್ಲಿ ಒಂದೇ ಸಮ ವೇಗ ಏರಿಸಿಕೊಂಡು ಸೆಕೆಂಡಿಗೆ 10 ಮೀಟರ್ ತಲುಪಲು 0.2 ಸೆಕೆಂಡ್ ಬೇಕು. ಸ್ಕೋಪ್‌ನ ಒಂದು ಮಿಲಿಸೆಕೆಂಡ್ ಅಷ್ಟೊತ್ತಿಗೆ ಮುಗಿದು ಹೋಗಿರುತ್ತದೆ. ವಾಲ್ವ್ ವೈರನ್ನು ಗೇಜ್ ವೈರ್‌ನಿಂದ ದೂರ ಎಳೆಯಿರಿ. ಡಿಸಿ ಸುರುಳಿಯಾದರೆ ಅಡ್ಡಲಾಗಿ ಡಯೋಡ್ ಹಾಕಿಸಿ. ಕೆಲವೇ ರೂಪಾಯಿಯ ಕೆಲಸ.

ಲಕ್ಷಣ: ಬೇಸ್‌ಲೈನ್ ಓರೆ, ಪ್ರತಿ ಹೊಡೆತಕ್ಕೂ ಬೇರೆ ಜಾಗದಲ್ಲಿ

ನಮ್ಮ ಕಡೆ ಅತಿ ಹೆಚ್ಚು ಕಾಡುವುದು ಇದೇ. ಆದರೆ ಇದನ್ನು ಗುರುತಿಸುವವರು ಕಮ್ಮಿ. ಒಮ್ಮೆ ಗೆರೆ ಮೇಲೇರುತ್ತಾ ಹೋಗುತ್ತದೆ, ಇನ್ನೊಮ್ಮೆ ಇಳಿಯುತ್ತಾ ಹೋಗುತ್ತದೆ. ಜನ ಇದನ್ನು ತಾಪಮಾನದ ಡ್ರಿಫ್ಟ್ ಎಂದುಕೊಳ್ಳುತ್ತಾರೆ. ಅರ್ಧ ಮಿಲಿಸೆಕೆಂಡ್‌ನಲ್ಲಿ ಯಾವ ಬಾರ್ ತಾನೇ ಬಿಸಿಯಾಗಲು ಸಾಧ್ಯ?

ಇದು ಮನೆಕರೆಂಟಿನ 50 ಹರ್ಟ್ಝ್. ಅದರ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ನೀವು ನೋಡುತ್ತಿರುವುದು 0.6 ಮಿಲಿಸೆಕೆಂಡ್ ಮಾತ್ರ, ಅಂದರೆ ಸುತ್ತಿನ 3 ಶೇಕಡಾ. ಓಡುವ ರೈಲಿನ ಕಿಟಕಿ ಪಕ್ಕ ಬೆಟ್ಟ ಬಂದಾಗ ಬರೀ ಇಳಿಜಾರು ಕಾಣುವ ಹಾಗೆ, ಪೂರ್ತಿ ಅಲೆ ಕಾಣದೆ ಓರೆ ಗೆರೆ ಮಾತ್ರ ಕಾಣುತ್ತದೆ. ಹೊಡೆತ ಬಿದ್ದ ಗಳಿಗೆಗೆ ಸುತ್ತು ಎಲ್ಲಿತ್ತೋ ಅದರ ಮೇಲೆ ಓರೆ ನಿರ್ಧಾರ. ಅದಕ್ಕೇ ಪ್ರತಿ ಸಲ ಬೇರೆ.

ಪರೀಕ್ಷೆ ಬಹಳ ಸುಲಭ. ಹೊಡೆಯಬೇಡಿ, ಸುಮ್ನೆ ಸ್ಕೋಪ್‌ನ ಸಮಯದ ಗುಂಡಿ ತಿರುಗಿಸಿ 100 ಮಿಲಿಸೆಕೆಂಡ್ ಪೂರ್ತಿ ಕಾಣುವಂತೆ ಮಾಡಿ. ಐದು ಅಲೆಗಳು ಸಾಲಾಗಿ ಕಂಡರೆ ಕಳ್ಳ ಸಿಕ್ಕಿದ.

ಈಗ ಅಗ್ಗದ ಕೆಲಸದಿಂದ ಶುರು ಮಾಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸ್ಕೋಪ್, ಆಂಪ್ಲಿಫೈಯರ್, ಬ್ರಿಡ್ಜ್ ಸಪ್ಲೈ ಮೂರನ್ನೂ ಒಂದೇ ಪ್ಲಗ್‌ಬೋರ್ಡ್‌ಗೆ ಹಾಕಿ. ಮೂರು ಗೋಡೆಯ ಮೂರು ಸಾಕೆಟ್‌ಗೆ ಹಾಕಿದರೆ ಅರ್ಥ್‌ನಲ್ಲೇ ಸುತ್ತು ದಾರಿ ಆಗುತ್ತದೆ. ಗೇಜ್ ಕೇಬಲ್‌ನ ಮೇಲಿನ ಹೆಣಿಗೆಯನ್ನು ಆಂಪ್ಲಿಫೈಯರ್ ಕಡೆ ಮಾತ್ರ ಅರ್ಥ್ ಮಾಡಿ, ಬಾರ್ ಕಡೆ ಬಿಟ್ಟುಬಿಡಿ. ಬ್ರಿಡ್ಜ್‌ಗೆ ಸಪ್ಲೈ ಬದಲು ಡ್ರೈ ಬ್ಯಾಟರಿ ಕೊಟ್ಟು ನೋಡಿ. ಅಲೆ ಮಾಯವಾದರೆ ತಪ್ಪು ಸಪ್ಲೈಯದ್ದು.

ಇಷ್ಟಾದರೂ ಹೋಗದಿದ್ದರೆ ಕಟ್ಟಡದ ಅರ್ಥಿಂಗ್ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಸಿಂಧನೂರು ಕಡೆಯ ಎರೆಮಣ್ಣು ಒಣಗಿ ಬಿರುಕು ಬಿಡುತ್ತದೆ. ಅರ್ಥ್ ಗುಂಡಿಯಲ್ಲಿ ಮಣ್ಣು ಪ್ಲೇಟ್‌ನಿಂದ ಬಿಟ್ಟುಕೊಳ್ಳುತ್ತದೆ, ಅರ್ಥ್ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಗೆರೆ ಬೇಸಿಗೆಯಲ್ಲಿ ಕೆಟ್ಟರೆ ಇದನ್ನೇ ಮೊದಲು ನೆನೆಯಿರಿ. ಗುಂಡಿಗೆ ದಿನಾ ನೀರು ಹಾಕುವುದು ಹಳೆಯ ಪದ್ಧತಿ, ಇವತ್ತಿಗೂ ಕೆಲಸ ಮಾಡುತ್ತದೆ. ಲ್ಯಾಬಿನ ಎಲೆಕ್ಟ್ರಿಷಿಯನ್ ಅಣ್ಣನಿಗೆ ಹೇಳಿ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್ ದಾಟಿದ್ದರೆ ಅದು ನಿಮ್ಮ ಕೈಯ ಕೆಲಸ ಅಲ್ಲ. ಅರ್ಥಿಂಗ್ ಬಗೆಗಿನ ಭಾರತೀಯ ಮಾನಕ ಐಎಸ್ 3043 ಪ್ರಕಾರ ಅರ್ಥ್ ಪರೀಕ್ಷೆ ಮಾಡಿಸಿ.

ಲಕ್ಷಣ: ಗೆರೆ ದಪ್ಪ, ಇಡೀ ಉದ್ದಕ್ಕೂ ಸಣ್ಣ ಕುಣಿತ

ಮೊದಲು ಸ್ಕೋಪ್‌ನ ರೇಂಜ್ ನೋಡಿ. 8 ಬಿಟ್ ಸ್ಕೋಪ್‌ನಲ್ಲಿ ಒಟ್ಟು 256 ಮೆಟ್ಟಿಲು. ರೇಂಜ್ 8 ವೋಲ್ಟ್ ಇದ್ದು ನಿಮ್ಮ ಅಲೆ ಅರ್ಧ ವೋಲ್ಟ್ ಆದರೆ ಸಿಗುವುದು 16 ಮೆಟ್ಟಿಲು. ಅದು ನಾಯ್ಸ್ ಅಲ್ಲವೇ ಅಲ್ಲ, ಮೆಟ್ಟಿಲಿನ ಒರಟುತನ. ಗೆರೆಯನ್ನು ಹಿಗ್ಗಿಸಿ ನೋಡಿದರೆ ಒಂದೇ ಎತ್ತರದ ಹೆಜ್ಜೆಗಳು ಕಾಣುತ್ತವೆ. ಅಲೆ ಸ್ಕ್ರೀನಿನ ಮುಕ್ಕಾಲು ಭಾಗ ತುಂಬುವಂತೆ ರೇಂಜ್ ಇಳಿಸಿ. 12 ಬಿಟ್ ಉಪಕರಣ ಇದ್ದರೆ 4,096 ಮೆಟ್ಟಿಲು ಸಿಗುತ್ತವೆ.

ಮೆಟ್ಟಿಲಲ್ಲ, ನಿಜವಾದ ಕುಣಿತ ಎಂದಾದರೆ ಅದರ ಲಯ ಅಳೆಯಿರಿ. ಹತ್ತಾರು ಕಿಲೋಹರ್ಟ್ಝ್ ಬಂದರೆ ಸ್ವಿಚಿಂಗ್ ಸಪ್ಲೈ, ಎಲ್‌ಇಡಿ ದೀಪದ ಡ್ರೈವರ್, ಯುಪಿಎಸ್, ಅಥವಾ ಪಕ್ಕದ ಶೆಡ್ಡಿನ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಮೋಟಾರ್. ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಕಂಪ್ರೆಸರ್ ಗಾಳಿ ತುಂಬಿ ನಿಲ್ಲಲಿ, ಆಮೇಲೆ ಹೊಡೆಯಿರಿ. ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಗಿರಣಿ, ಗಿಣಿಗೇರಾ ಕಡೆಯ ಕಾರ್ಖಾನೆಗಳು ಇರುವ ಫೀಡರ್‌ನಲ್ಲೇ ನಿಮ್ಮ ಲ್ಯಾಬ್ ಇದ್ದರೆ, ಗಿರಣಿ ನಿಂತ ಹೊತ್ತಿನಲ್ಲಿ ಒಂದು ಖಾಲಿ ದಾಖಲೆ ತೆಗೆದು ಹೋಲಿಸಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಒಂದು ಮೋಸದ ಲಕ್ಷಣ ಇದೆ. ಸ್ಯಾಂಪ್ಲಿಂಗ್ ವೇಗ ಸೆಕೆಂಡಿಗೆ 10 ಲಕ್ಷ ಇದ್ದು, ಎಲ್ಲಿಂದಲೋ 1.2 ಮೆಗಾಹರ್ಟ್ಝ್ ನಾಯ್ಸ್ ಬರುತ್ತಿದ್ದರೆ ಅದು ದಾಖಲೆಯಲ್ಲಿ 200 ಕಿಲೋಹರ್ಟ್ಝ್ ಆಗಿ ಕಾಣುತ್ತದೆ. ಇಲ್ಲದ ಲಯವನ್ನು ನೀವು ಹುಡುಕುತ್ತಾ ಕೂರುತ್ತೀರಿ. ಸ್ಯಾಂಪ್ಲಿಂಗ್ ವೇಗ ಬದಲಿಸಿ ನೋಡಿ. ಕುಣಿತದ ಲಯವೂ ಬದಲಾದರೆ ಅದು ಸುಳ್ಳು ಲಯ. ಸೆಕೆಂಡಿಗೆ ಒಂದು ಕೋಟಿ ಸ್ಯಾಂಪಲ್ ಇಟ್ಟರೂ ಒಂದು ಮಿಲಿಸೆಕೆಂಡಿಗೆ ಬರೀ 10,000 ಬಿಂದು ಆಗುತ್ತದೆ. ಮೆಮೊರಿಗೆ ಭಾರ ಇಲ್ಲ, ಧಾರಾಳವಾಗಿ ಇಡಿ.

ಲಕ್ಷಣ: ನೆತ್ತಿ ಚಪ್ಪಟೆ

ನಿಜವಾದ ಅಲೆಯ ನೆತ್ತಿಯೂ ಹೆಚ್ಚುಕಮ್ಮಿ ಚಪ್ಪಟೆಯೇ. ಆದರೆ ಅದರ ಮೇಲೆ ಸಣ್ಣ ಏರಿಳಿತ ಇರುತ್ತದೆ. ಜೀವವೇ ಇಲ್ಲದಂತೆ ಒಂದೇ ಮಟ್ಟದ ಗೆರೆ ಬಂದರೆ ಆಂಪ್ಲಿಫೈಯರ್ ಅಥವಾ ಸ್ಕೋಪ್ ತುಂಬಿ ಹೋಗಿದೆ. ಗೇನ್ ಇಳಿಸಿ. ಆ ದಾಖಲೆಯನ್ನು ಯಾವ ಲೆಕ್ಕದಿಂದಲೂ ಉಳಿಸಲು ಆಗುವುದಿಲ್ಲ.

ಲಕ್ಷಣ: ಅಲೆ ದುಂಡಗೆ, ಏರಲು ಸೋಮಾರಿತನ

ಪಲ್ಸ್ ಶೇಪರ್ (ಅಲೆಯನ್ನು ನಿಧಾನವಾಗಿ ಏರಿಸುವ ಬಿಲ್ಲೆ) ಹಾಕದೆ 20 ಮಿ.ಮೀ. ಬಾರ್‌ನಲ್ಲಿ ಹೊಡೆದರೆ ಅಲೆ ಹತ್ತು ಹದಿನೈದು ಮೈಕ್ರೋಸೆಕೆಂಡ್ ಒಳಗೆ ನೆತ್ತಿ ಮುಟ್ಟಬೇಕು. ಮೂವತ್ತು ನಲವತ್ತು ತೆಗೆದುಕೊಂಡರೆ ಆಂಪ್ಲಿಫೈಯರ್ ನಿಧಾನದ್ದು. ಲೆಕ್ಕ ಸರಳ: 0.35 ಅನ್ನು ಬ್ಯಾಂಡ್‌ವಿಡ್ತ್‌ನಿಂದ (ಆಂಪ್ಲಿಫೈಯರ್ ಹಿಡಿಯಬಲ್ಲ ಲಯದ ಮಿತಿ) ಭಾಗಿಸಿದರೆ ಅದು ಏರಲು ಬೇಕಾದ ಕನಿಷ್ಠ ಸಮಯ ಸಿಗುತ್ತದೆ. 10 ಕಿಲೋಹರ್ಟ್ಝ್ ಆಂಪ್ಲಿಫೈಯರ್‌ಗೆ 35 ಮೈಕ್ರೋಸೆಕೆಂಡ್, 100 ಕಿಲೋಹರ್ಟ್ಝ್‌ಗೆ 3.5, 500 ಕಿಲೋಹರ್ಟ್ಝ್‌ಗೆ 0.7. ಸೇತುವೆ, ತೊಲೆಗಳ ಸ್ಟ್ರೇನ್ ಅಳೆಯಲು ತಂದ ಇಂಡಿಕೇಟರ್ ಇಲ್ಲಿ ನಡೆಯುವುದಿಲ್ಲ. ಆಂಪ್ಲಿಫೈಯರ್‌ನಲ್ಲಿ ಯಾರೋ ಲೋ-ಪಾಸ್ ಫಿಲ್ಟರ್ ಗುಂಡಿ ಒತ್ತಿ ಬಿಟ್ಟಿದ್ದಾರೆಯೇ ಎಂದೂ ನೋಡಿ. ಸ್ಕೋಪ್‌ನ 20 ಮೆಗಾಹರ್ಟ್ಝ್ ಮಿತಿ ಮಾತ್ರ ಇರಲಿ, ಅದರಿಂದ ಅಲೆಗೆ ಏನೂ ಆಗುವುದಿಲ್ಲ.

ಲಕ್ಷಣ: ಅಲೆ ಬಂತು, ಎತ್ತರ ಲೆಕ್ಕಕ್ಕೆ ಸಿಗುತ್ತಿಲ್ಲ

ಸ್ಟ್ರೈಕರ್ ವೇಗದಿಂದ ಬರಬೇಕಾದ ಸ್ಟ್ರೇನ್ ಲೆಕ್ಕ ಹಾಕಿ ಹೋಲಿಸಿ. ಎರಡು ಮೂರು ಶೇಕಡಾ ವ್ಯತ್ಯಾಸ ಸಹಜ. ಹತ್ತು ಶೇಕಡಾ ಕಮ್ಮಿ ಬಂದರೆ ಕೇಳಬೇಕಾದ್ದು, ಎರಡೂ ಬಾರ್‌ನಲ್ಲಿ ಅಷ್ಟೇ ಕಮ್ಮಿಯೇ? ಹೌದಾದರೆ ಎರಡಕ್ಕೂ ಸೇರಿದ ಯಾವುದೋ ತಪ್ಪು: ಬ್ರಿಡ್ಜ್ ವೋಲ್ಟೇಜ್ ಇಳಿದಿದೆ, ಅಥವಾ ವೇಗ ಅಳೆಯುವ ಲೇಸರ್‌ಗಳ ನಡುವಿನ ದೂರ ತಪ್ಪಾಗಿ ಬರೆದಿದೆ. ಒಂದೇ ಬಾರ್‌ನಲ್ಲಿ ಕಮ್ಮಿ ಎಂದರೆ ಆ ಬಾರ್‌ನ ಗೇಜ್ ಕಡೆ ಹೋಗಿ.

ಷಂಟ್ ಪರೀಕ್ಷೆ ಮಾಡಿ. 120 ಓಮ್ ಗೇಜ್‌ಗೆ ಅಡ್ಡಲಾಗಿ 60 ಕಿಲೋಓಮ್ ರೆಸಿಸ್ಟರ್ ತಾಗಿಸಿದರೆ ಆ ಒಂದು ಗೇಜ್‌ಗೆ 950 ಮೈಕ್ರೋಸ್ಟ್ರೇನ್ ಒತ್ತಡ ಬಿದ್ದಂತೆ. ಆದರೆ ನಿಮ್ಮ ಬ್ರಿಡ್ಜ್‌ನಲ್ಲಿ ಇಬ್ಬರು ಕೆಲಸ ಮಾಡುವವರಿದ್ದಾರೆ, ತಾಗಿಸಿದ್ದು ಒಬ್ಬರಿಗೆ. ಹಾಗಾಗಿ ಬಾರ್‌ನ ಲೆಕ್ಕಕ್ಕೆ ಇದು ಅರ್ಧ, 475 ಮಾತ್ರ. 5 ವೋಲ್ಟ್‌ಗೆ 2.5 ಮಿಲಿವೋಲ್ಟ್ ಬರಬೇಕು. ಈ ಅರ್ಧವನ್ನು ಮರೆತರೆ ಇಡೀ ವರ್ಷದ ಫಲಿತಾಂಶ ಎರಡು ಪಟ್ಟು ತಪ್ಪಾಗುತ್ತದೆ. ಹಳೆಯ ಲೆಕ್ಕದ ಹಾಳೆಯಲ್ಲಿ ಇದನ್ನು ಹೇಗೆ ಹಾಕಿದ್ದಾರೆ ಎಂದು ಒಮ್ಮೆ ತೆಗೆದು ನೋಡಿ.

ಷಂಟ್ ಸರಿ ಬಂದು ಹೊಡೆತದಲ್ಲಿ ಮಾತ್ರ ಅಲೆ ಕಮ್ಮಿ ಬಂದರೆ ಅಂಟು ಬಿಟ್ಟಿದೆ. ಷಂಟ್ ವೈರಿಂಗನ್ನು ಪರೀಕ್ಷಿಸುತ್ತದೆ, ಅಂಟನ್ನು ಪರೀಕ್ಷಿಸುವುದಿಲ್ಲ. ಗೇಜ್ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ರಬ್ಬರ್ ತುಂಡಿನಿಂದ ಮೆಲ್ಲಗೆ ಒತ್ತಿ ಬಿಡಿ. ಗೆರೆ ಮೊದಲಿನ ಜಾಗಕ್ಕೆ ವಾಪಸ್ ಬರದಿದ್ದರೆ ಕಿತ್ತು ಹೊಸದು ಅಂಟಿಸಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಸೈನೋಅಕ್ರಿಲೇಟ್ ಅಂಟು ನಿಧಾನವಾಗಿ ಕೂರುತ್ತದೆ. ಅದಕ್ಕೆ ಗಾಳಿಯ ತೇವ ಬೇಕು. ಬೆರಳು ಒತ್ತಿ ಹಿಡಿಯುವ ಸಮಯ ಜಾಸ್ತಿ ಮಾಡಿ.

ಬ್ರಿಡ್ಜ್ ಚೆನ್ನಾಗಿ ಬ್ಯಾಲೆನ್ಸ್ ಆಗುತ್ತದೆ, ಷಂಟೂ ಸರಿ, ಆದರೆ ಹೊಡೆದರೆ ಅಲೆಯೇ ಇಲ್ಲ, ಸಣ್ಣ ತೂಗಾಟ ಮಾತ್ರ. ಇದಕ್ಕೆ ಒಂದೇ ಕಾರಣ ಹೆಚ್ಚು ಸಲ ಸಿಗುತ್ತದೆ. ಎರಡು ಗೇಜ್‌ಗಳನ್ನು ಎದುರುಬದುರು ತೋಳಿನ ಬದಲು ಅಕ್ಕಪಕ್ಕದ ತೋಳಿಗೆ ಹಾಕಿದ್ದಾರೆ. ಆಗ ಉದ್ದದ ಅಲೆ ಒಂದನ್ನೊಂದು ಹೊಡೆದುಹಾಕಿ, ಬಾರ್‌ನ ಬಾಗುವಿಕೆ ಮಾತ್ರ ಉಳಿಯುತ್ತದೆ. ನಮಗೆ ಬೇಕಿದ್ದದ್ದರ ಪೂರ್ತಿ ಉಲ್ಟಾ.

ಉದ್ದ ವೈರ್ ಕೂಡ ಸಿಗ್ನಲ್ ತಿನ್ನುತ್ತದೆ. 0.14 ಚದರ ಮಿ.ಮೀ. ತಾಮ್ರದ ತಂತಿ 10 ಮೀಟರ್ ದೂರ ಎಳೆದರೆ ಹೋಗಿಬರುವ ದಾರಿಗೆ ಸುಮಾರು 2.5 ಓಮ್. 120 ಓಮ್ ಗೇಜ್‌ಗೆ ಇದು ಎರಡು ಶೇಕಡಾ ನಷ್ಟ. 350 ಓಮ್ ಗೇಜ್ ಆದರೆ ಒಂದು ಶೇಕಡಾಕ್ಕಿಂತ ಕಮ್ಮಿ.

ಲಕ್ಷಣ: ಅಲೆಯ ನಡುವೆ ಜಿಗಿತ, ಗೆರೆ ಸ್ಕ್ರೀನ್ ಆಚೆ ಹೋಗಿ ವಾಪಸ್

ಇದು ಬೆಸುಗೆ. ಅಲೆ ಹಾದು ಹೋಗುವ ಗಳಿಗೆಯಲ್ಲಿ ಸಂಪರ್ಕ ತಪ್ಪಿ ಮತ್ತೆ ಸೇರುತ್ತದೆ. ಮಲ್ಟಿಮೀಟರ್‌ನಲ್ಲಿ 120 ಓಮ್ ಸರಿಯಾಗಿಯೇ ತೋರಿಸುತ್ತದೆ, ನಂಬಬೇಡಿ. ಒತ್ತಡ ಬಿಟ್ಟ ಮೇಲೆ ಬಾರ್ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಸ್ಕೋಪ್ ನೋಡಿ. ಗೇಜ್‌ನಿಂದ ಟರ್ಮಿನಲ್‌ಗೆ ಹೋಗುವ ತಂತಿ ಕೂದಲಿನಷ್ಟು ಸಣ್ಣದಿರಲಿ, ಸ್ವಲ್ಪ ಬಳುಕು ಇರಲಿ, ಬಿಗಿಯಾಗಿ ಎಳೆಯಬೇಡಿ. ಬೆಸುಗೆಯ ಗುಡ್ಡೆ ದೊಡ್ಡದಾದಷ್ಟೂ ಬೇಗ ಬಿರುಕು ಬಿಡುತ್ತದೆ.

ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು ಟರ್ಮಿನಲ್ ಮೇಲೆ ಕೂತು, ಜುಲೈ ಬಂದ ಮೇಲೆ ತೇವ ಹಿಡಿದರೆ ಗೇಜ್‌ನಿಂದ ಬಾರ್‌ಗೆ ಕರೆಂಟ್ ಸೋರುತ್ತದೆ. ಆಗ ಗೆರೆ ಜಿಗಿಯುವುದಿಲ್ಲ, ಸುಮ್ಮನೆ ತೇಲಾಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿಸಿ, ಮೇಲೆ ಸಿಲಿಕೋನ್ ಲೇಪ ಹಚ್ಚಿ. ಸೋರಿಕೆ ಅಳೆಯಲು ಎಲೆಕ್ಟ್ರಿಷಿಯನ್‌ನ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಬೇಡಿ, ಗೇಜ್ ಸುಟ್ಟು ಹೋಗುತ್ತದೆ. ಅದಕ್ಕೆಂದೇ ಕಮ್ಮಿ ವೋಲ್ಟೇಜಿನ ಟೆಸ್ಟರ್ ಇರುತ್ತದೆ.

ಲಕ್ಷಣ: ನೆತ್ತಿಯ ಮೇಲೆ ಕ್ರಮವಾದ ಏರಿಳಿತ

ಇದು ಬಹಳ ಸಲ ದೋಷವೇ ಅಲ್ಲ. ಬಾರ್‌ನಲ್ಲಿ ಬೇರೆ ಬೇರೆ ಲಯದ ಅಲೆಗಳು ಬೇರೆ ಬೇರೆ ವೇಗದಲ್ಲಿ ಓಡುತ್ತವೆ. ಚೂಪಾದ ಅಂಚು ಚದುರಿ ನೆತ್ತಿಯ ಮೇಲೆ ಕುಣಿತವಾಗುತ್ತದೆ. ಇದಕ್ಕೆ ಪೊಖಾಮರ್-ಕ್ರೀ ಏರಿಳಿತ ಎನ್ನುತ್ತಾರೆ. ಗುರುತು ಏನೆಂದರೆ ಅದು ಅಲೆಯ ಜೊತೆಗೇ ಹುಟ್ಟುತ್ತದೆ. ಟ್ರಿಗರ್‌ಗೆ ಮುಂಚಿನ ಬೇಸ್‌ಲೈನ್ ನುಣುಪಾಗಿಯೇ ಇರುತ್ತದೆ. ವಿದ್ಯುತ್ ನಾಯ್ಸ್ ಆದರೆ ಬೇಸ್‌ಲೈನ್ ಮೇಲೂ ಇರಬೇಕಿತ್ತು.

ಇದನ್ನು ಫಿಲ್ಟರ್‌ನಿಂದ ಕೊಲ್ಲುವ ಬದಲು ಹುಟ್ಟುವ ಜಾಗದಲ್ಲೇ ತಡೆಯಿರಿ. ಸ್ಟ್ರೈಕರ್ ಬಡಿಯುವ ತುದಿಗೆ ತೆಳ್ಳಗಿನ ತಾಮ್ರದ ಬಿಲ್ಲೆಯನ್ನು ಸ್ವಲ್ಪ ಗ್ರೀಸ್ ಹಚ್ಚಿ ಅಂಟಿಸಿ. ಬಿಲ್ಲೆ ನಜ್ಜುಗುಜ್ಜಾಗುತ್ತಾ ಅಲೆಯನ್ನು ನಿಧಾನವಾಗಿ ಏರಿಸುತ್ತದೆ. ಪ್ರತಿ ಹೊಡೆತಕ್ಕೂ ಹೊಸ ಬಿಲ್ಲೆ ಬೇಕು.

ಹಾಪ್ಕಿನ್ಸನ್ ಬಾರ್ ಬದಲು ವೇಗದ ಸರ್ವೊ-ಹೈಡ್ರಾಲಿಕ್ ಯಂತ್ರದಲ್ಲಿ ಹಾಳೆ ಎಳೆಯುವವರಿಗೆ ಬೇರೆ ಥರದ ಕುಣಿತ ಸಿಗುತ್ತದೆ. ಅಲ್ಲಿ ಬಲ ಅಳೆಯುವ ಲೋಡ್‌ಸೆಲ್ ತನ್ನದೇ ಲಯದಲ್ಲಿ ನಡುಗುತ್ತದೆ. ವಸ್ತು ಬದಲಿಸಿ ನೋಡಿ. ಲಯ ಬದಲಾಗದಿದ್ದರೆ ಅದು ಯಂತ್ರದ್ದು. 5 ಕಿಲೋಹರ್ಟ್ಝ್ ಲೋಡ್‌ಸೆಲ್ ಇದ್ದು, ಸೆಕೆಂಡಿಗೆ 100 ಸ್ಟ್ರೇನ್ ರೇಟ್‌ನಲ್ಲಿ 30 ಶೇಕಡಾ ಎಳೆದರೆ ಪರೀಕ್ಷೆ 3 ಮಿಲಿಸೆಕೆಂಡ್, ನಡುಕ 15 ಸುತ್ತು. ಸರಾಸರಿಗೆ ಅರ್ಥ ಇರುತ್ತದೆ. 500 ರೇಟ್‌ನಲ್ಲಿ ಬರೀ 3 ಸುತ್ತು. ಅಲ್ಲಿ ಯಾವ ಫಿಲ್ಟರ್ ಕೂಡ ಸತ್ಯ ಹೇಳಲಾರದು. ತುಣುಕಿನ ದಪ್ಪ ತುದಿಯ ಮೇಲೇ ಗೇಜ್ ಅಂಟಿಸಿ ಬಲ ಅಳೆಯಿರಿ. ವೇಗದ ಎಳೆತ ಪರೀಕ್ಷೆಯ ಅಂತರರಾಷ್ಟ್ರೀಯ ಮಾನಕ ಐಎಸ್ಒ 26203ರ ಎರಡನೇ ಭಾಗ ಈ ಯಂತ್ರಗಳ ಬಗ್ಗೆಯೇ ಇದೆ, ಮೊದಲ ಭಾಗ ಬಾರ್‌ಗಳ ಬಗ್ಗೆ.

ಲಕ್ಷಣ: ಮೂರೂ ಅಲೆ ಚೆಂದ, ಸ್ಟ್ರೆಸ್-ಸ್ಟ್ರೇನ್ ಗೆರೆ ಮಾತ್ರ ವಿಚಿತ್ರ

ಹೋದ ಅಲೆ ಮತ್ತು ಹಿಂತಿರುಗಿದ ಅಲೆಯನ್ನು ಗುರುತು ಸಮೇತ ಕೂಡಿಸಿ, ದಾಟಿದ ಅಲೆಯ ಮೇಲೆ ಇಟ್ಟು ನೋಡಿ. ಎರಡೂ ಹೊಂದಬೇಕು. ಹೊಂದಿದರೆ ತುಣುಕಿನ ಎರಡೂ ಮುಖದ ಮೇಲೆ ಬಲ ಸಮ ಇದೆ ಎಂದರ್ಥ. ಒಂದೇ ಆಕಾರ, ಆದರೆ ಪಕ್ಕಕ್ಕೆ ಸರಿದಿದ್ದರೆ ಸಮಯದ ಹೊಂದಾಣಿಕೆ ತಪ್ಪಿದೆ. ಒಂದೆರಡು ಮೈಕ್ರೋಸೆಕೆಂಡ್ ತಪ್ಪಿದರೂ ಗೆರೆಯ ಶುರುವಿನ ಭಾಗ ಕೆಡುತ್ತದೆ. ಗೇಜ್‌ನಿಂದ ತುದಿಗೆ ದೂರವನ್ನು ಮತ್ತೆ ಅಳೆಯಿರಿ. ತುದಿ ಸಾಣೆ ಹಿಡಿದ ಮೇಲೆ ಬಾರ್ ಗಿಡ್ಡವಾಗಿರುತ್ತದೆ, ಹಾಳೆಯಲ್ಲಿ ಹಳೆಯ ಸಂಖ್ಯೆಯೇ ಇರುತ್ತದೆ.

ಆಕಾರವೇ ಹೊಂದದಿದ್ದರೆ ಬಲ ಸಮ ಆಗುವ ಮುಂಚೆಯೇ ತುಣುಕು ಒಡೆದಿದೆ. ಕುಷ್ಟಗಿಯ ಗ್ರಾನೈಟ್, ಸಂಡೂರಿನ ಕಬ್ಬಿಣದ ಪಟ್ಟೆ ಕಲ್ಲು ಇವುಗಳಲ್ಲಿ ಇದು ಸಾಮಾನ್ಯ. 25 ಮಿ.ಮೀ. ದಪ್ಪದ ಕಲ್ಲಿನಲ್ಲಿ ಅಲೆ ಒಂದು ಸಲ ದಾಟಲು ಐದಾರು ಮೈಕ್ರೋಸೆಕೆಂಡ್. ಕೆಲವು ಸಲ ಹೋಗಿ ಬಂದ ಮೇಲೆಯೇ ಬಲ ಸಮ ಆಗುವುದು. ಅಲೆ ಅದಕ್ಕಿಂತ ನಿಧಾನವಾಗಿ ಏರಬೇಕು. ಇಲ್ಲಿಯೂ ತಾಮ್ರದ ಬಿಲ್ಲೆಯೇ ಮದ್ದು. ಇದು ಸರಿ ಇಲ್ಲದ ದಾಖಲೆಯಿಂದ ಬಂಡೆಯ ಬಲ ಇಷ್ಟು ಎಂದು ಬರೆದು, ಅದರ ಮೇಲೆ ಯಾರೋ ಬ್ಲಾಸ್ಟಿಂಗ್ ವಿನ್ಯಾಸ ಮಾಡಿದರೆ ಅದರ ಕೆಳಗೆ ಕೆಲಸ ಮಾಡುವವರು ನಮ್ಮ ಊರಿನವರೇ.

ಉಕ್ಕಿನ ತುಣುಕಿನ ಎಲಾಸ್ಟಿಕ್ ಮಾಡ್ಯುಲಸ್ 200 ಗಿಗಾಪ್ಯಾಸ್ಕಲ್ ಬರಲಿಲ್ಲ ಎಂದು ಚಿಂತೆ ಮಾಡಬೇಡಿ. ಗೆರೆಯ ಆ ಮೊದಲ ಭಾಗದಲ್ಲಿ ಬಲ ಇನ್ನೂ ಸಮ ಆಗಿರುವುದಿಲ್ಲ. ಮಾಡ್ಯುಲಸ್ ಅಳೆಯಲು ಈ ಪರೀಕ್ಷೆ ಅಲ್ಲ.

ಯಾವಾಗ ಕೈ ಬಿಡಬೇಕು

ಬಾರ್‌ಗಳು ಬೇರಿಂಗ್‌ನಲ್ಲಿ ಕೈಯಿಂದ ತಳ್ಳಿದರೆ ಸಲೀಸಾಗಿ ಜಾರದಿದ್ದರೆ ಮೊದಲು ಧೂಳು ಒರೆಸಿ ನೋಡಿ. ಆಮೇಲೂ ಬಿಗಿ ಇದ್ದರೆ ಬಾರ್ ಬಾಗಿದೆ, ನೇರ ಮಾಡುವುದು ಒಳ್ಳೆಯ ಮಷಿನ್ ಶಾಪಿನ ಕೆಲಸ. ಬಾರ್ ತುದಿಯಲ್ಲಿ ತಗ್ಗು, ಬಿರುಕು ಕಂಡರೆ ಅವತ್ತೇ ನಿಲ್ಲಿಸಿ. ಗನ್‌ನ ವಾಲ್ವ್ ಸೋರುತ್ತಿದ್ದರೆ, ಪ್ರೆಶರ್ ಗೇಜ್ ಸೊನ್ನೆಗೆ ಬರದಿದ್ದರೆ, ಸ್ಕೋಪ್ ಅಥವಾ ಬಾರ್ ಮುಟ್ಟಿದಾಗ ಜುಮ್ ಎಂದರೆ ಮುಂದಿನ ಹೊಡೆತ ಇಲ್ಲ. ಒತ್ತಡದ ಕೆಲಸಕ್ಕೆ ಗನ್ ಮಾಡಿದವರನ್ನು, ಕರೆಂಟಿನ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಸಿಗ್ನಲ್ ತೊಂದರೆಗೆ ಹೊರಗಿನವರ ಸಹಾಯ ಕೇಳುವಾಗ ನುಣುಪು ಮಾಡಿದ ಗ್ರಾಫ್ ಕಳಿಸಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಫಿಲ್ಟರ್ ಹಾಕದ ಮೂಲ ಫೈಲ್, ಬಾರ್ ಸೇರಿಸಿ ಹೊಡೆದ ದಾಖಲೆ, ಹೊಡೆಯದೆ ತೆಗೆದ 100 ಮಿಲಿಸೆಕೆಂಡ್‌ನ ಖಾಲಿ ಗೆರೆ, ಷಂಟ್ ಓದು, ಬ್ರಿಡ್ಜ್ ವೋಲ್ಟೇಜ್, ಗೇನ್, ಸ್ಯಾಂಪ್ಲಿಂಗ್ ವೇಗ, ಮತ್ತು ವೈರಿಂಗಿನ ಒಂದು ಫೋಟೊ ಕಳಿಸಿ.